ನನ್ನ ಸಾಲುಗಳ ಮೇಲೆ ಅವಳ ಹೆಸರು

ಅಂದು ಬೆಳಿಗ್ಗೆ ವಾಲ್ವುಗಳ ಫೈಲನ್ನು ತೆರೆದಾಗ ಅದು ನನ್ನದೆಂದು ನನಗೇ ಗುರುತು ಸಿಗಲಿಲ್ಲ. ತೋಟದ ಹೆಸರು, ವಾಲ್ವಿನ ಸಂಖ್ಯೆ, ನೀರು ಬಿಡುವ ಹೊತ್ತು, ಎಲ್ಲವನ್ನೂ ನಾನು ಒಂದರ ಕೆಳಗೊಂದು ನೆಟ್ಟಗೆ ಬರುವಂತೆ ಜೋಡಿಸಿಟ್ಟಿದ್ದೆ. ಸಮ ಚಿಹ್ನೆಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ನಿಂತಿರುತ್ತಿದ್ದವು. ಈಗ ಅವೆಲ್ಲ ಒತ್ತಿಕೊಂಡು, ಒಂದು ಮುಂದೆ ಒಂದು ಹಿಂದೆ ಕೂತಿದ್ದವು. ನಾವು ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಪ್ರತಿ ಸಾಲನ್ನು ಕೊನೆಯ ಸಲ ಮುಟ್ಟಿದವರು ಯಾರೆಂದು ಎಡಗಡೆಗೆ ತೋರಿಸುವ ಸೌಲಭ್ಯವಿದೆ. ಹಿಂದಿನ ದಿನದವರೆಗೆ ಅಲ್ಲಿ ಉದ್ದಕ್ಕೂ ನನ್ನ ಹೆಸರಿತ್ತು. ಈಗ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳ ಹೆಸರು.

ನಾವಿಲ್ಲದ ಹೊತ್ತಿನಲ್ಲಿ ಯಾರೋ ಮನೆಗೆ ಬಂದು ಪಾತ್ರೆಗಳನ್ನೆಲ್ಲ ತಮಗೆ ಬೇಕಾದಂತೆ ಜೋಡಿಸಿ, ಬಾಗಿಲಿಗೆ ತಮ್ಮ ಹೆಸರಿನ ಹಲಗೆ ಹಾಕಿ ಹೋದರೆ ಹೇಗಾದೀತೋ ಹಾಗಾಯಿತು.

ನಮ್ಮ ಆಫೀಸು ವಿಜಯಪುರದ ಜೋರಾಪುರ ಪೇಟೆಯಲ್ಲಿ, ಪೈಪಿನ ಅಂಗಡಿಯೊಂದರ ಮೇಲಿದೆ. ಅಂಗಡಿಯೂ ಆಫೀಸೂ ಒಬ್ಬರದೇ. ಮಾಲಕರು ಮೊದಲು ಬರೀ ಡ್ರಿಪ್ ಪೈಪು ಮಾರುತ್ತಿದ್ದರು. ಈಗ ದ್ರಾಕ್ಷಿ ತೋಟಗಳಿಗೆ, ನಮ್ಮ ಕಡೆಯ ಮಾತಿನಲ್ಲಿ ಪಡಗಳಿಗೆ, ತಾನಾಗಿಯೇ ನೀರು ಬಿಡುವ ಪೆಟ್ಟಿಗೆಗಳನ್ನೂ ಮಾರುತ್ತಾರೆ. ಪೆಟ್ಟಿಗೆಯೊಳಗೆ ಒಂದು ಸಣ್ಣ ಕಂಪ್ಯೂಟರ್. ಯಾವ ವಾಲ್ವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅದಕ್ಕೆ ಹೇಳುವ ಪ್ರೋಗ್ರಾಮನ್ನು ಬರೆಯುವುದು ನನ್ನ ಕೆಲಸ. ನನಗಿಂತ ಮೊದಲು ಒಬ್ಬರು ಸ್ವಲ್ಪ ಬರೆದು ಬಿಟ್ಟು ಹೋಗಿದ್ದರು. ಮಿಕ್ಕಿದ್ದೆಲ್ಲ ನನ್ನದು. ಮೆಟ್ಟಿಲ ಕೆಳಗಿನಿಂದ ಮಾಲಕರು "ಆಪಾ" ಎಂದು, ನಮ್ಮ ಉರ್ದುವಿನ 'ಅಕ್ಕ' ಎಂದು, ಕೂಗಿದರೆ ಎಲ್ಲಿ ಏನು ಕೆಟ್ಟಿದೆ ಎಂದು ಕೇಳುವ ಮೊದಲೇ ನಾನು ಲ್ಯಾಪ್‌ಟಾಪು ತೆರೆದಿರುತ್ತಿದ್ದೆ.

ಆ ವರ್ಷ ಕೆಲಸ ಹೆಚ್ಚಾಯಿತೆಂದು ಮಾಲಕರು ಇನ್ನೊಬ್ಬಳನ್ನು ತೆಗೆದುಕೊಂಡರು. ಭೂತನಾಳದ ಹುಡುಗಿ. ಮನೆಯಲ್ಲಿ ಹೊಲವಿದೆ, ಕುರಿಗಳಿವೆ. ಓದಿದ್ದು ಊರಲ್ಲೇ, ಕೆಲಸ ಕಲಿತದ್ದು ಮನೆಯಲ್ಲಿ ಕೂತು ಬೇರೆ ಬೇರೆ ಕಂಪನಿಗಳಿಗೆ ದುಡಿದು. ಬಂದ ದಿನವೇ ನನ್ನನ್ನು "ಆಪಾ" ಎಂದಳು. ನಾನು ಅವಳನ್ನು "ನೀವು" ಎಂದೆ. ನಮ್ಮ ಕಡೆ ವಯಸ್ಸಿನಲ್ಲಿ ಅಷ್ಟು ಚಿಕ್ಕವಳನ್ನು ಹಾಗೆ ಕರೆದರೆ ಅದು ಗೌರವವಲ್ಲ, ದೂರವಿರು ಎಂದು ಹೇಳಿದ ಹಾಗೆ. ಅದು ಅವಳಿಗೂ ತಿಳಿದಿರಬೇಕು, ತೋರಿಸಿಕೊಳ್ಳಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಪ್ರೋಗ್ರಾಮಿನ ಕೋಡಿನಿಂದಲ್ಲ, ಶೇಂಗಾ ಚಟ್ನಿಯಿಂದ. ಊಟದ ಹೊತ್ತಿಗೆ ಅವಳು ಡಬ್ಬಿ ತೆರೆದರೆ ಅಂಗಡಿಯವರೂ ಮೇಲೆ ಬರುತ್ತಿದ್ದರು. ನನಗೂ ಹಾಕಿದಳು. "ಉಪ್ಪು ಒಂದೀಟ ಜಾಸ್ತಿ ಆಗೇತಿ" ಎಂದೆ. ಉಪ್ಪು ಸರಿಯಾಗಿತ್ತು. ಆಮೇಲೆ ಮೆಟ್ಟಿಲ ಕೆಳಗಿನಿಂದ ಬರುವ ಕೂಗಿನಲ್ಲಿ ಒಮ್ಮೊಮ್ಮೆ ಅವಳ ಹೆಸರೂ ಕೇಳತೊಡಗಿತು.

ಅಷ್ಟರಲ್ಲಿ ಅವಳು ನಮ್ಮ ಕೋಡನ್ನೆಲ್ಲ ಓದಿ ಮುಗಿಸಿದ್ದಳು. ಒಂದು ದಿನ ಮಾಲಕರ ಮುಂದೆ ವಿಷಯ ತೆಗೆದಳು.

"ಸರ್, ಆಪಾ ಬರದಿದ್ದು ಛಲೋ ಐತ್ರಿ. ಆದ್ರ ಕೆಲವು ಫೈಲಿನ್ಯಾಗ ಟ್ಯಾಬ್ ಐತಿ, ಕೆಲವುದ್ರಾಗ ಸ್ಪೇಸ್ ಐತಿ. ಒಂದು ಕಡಿಂದು ಎತ್ತಿ ಇನ್ನೊಂದು ಕಡೆ ಹಾಕಿದ್ರ ಕೆಟ್ಟು ಕುಂದರತೈತಿ. ಇಬ್ಬರು ಕೆಲಸ ಮಾಡೂದಂದ್ರ ಒಂದ ನಮೂನಿ ಇರಬೇಕ್ರಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಬರೆಯುವುದು ಪೈಥಾನ್ ಎಂಬ ಭಾಷೆಯಲ್ಲಿ. ಅದರಲ್ಲಿ ಒಂದು ಸಾಲು ಎಡ ಅಂಚಿನಿಂದ ಎಷ್ಟು ಒಳಗೆ ಸರಿದಿದೆ ಎಂಬುದರ ಮೇಲೆ ಅದರ ಅರ್ಥ ನಿಂತಿರುತ್ತದೆ. 'ಒತ್ತಡ ಕಡಿಮೆಯಾದರೆ' ಎಂಬ ಸಾಲಿನ ಕೆಳಗೆ, ಅದಕ್ಕಿಂತ ಒಳಗೆ ಸರಿದು ಬರೆದದ್ದೆಲ್ಲ ಒತ್ತಡ ಕಡಿಮೆಯಾದಾಗ ಮಾತ್ರ ನಡೆಯುತ್ತದೆ. ಅದೇ ಸಾಲನ್ನು ಹೊರಗೆ ಎಳೆದರೆ ಒತ್ತಡ ಇರಲಿ ಬಿಡಲಿ, ಪ್ರತಿ ಸಲವೂ ನಡೆಯುತ್ತದೆ. ಹೀಗೆ ಒಳಗೆ ಸರಿಸಲು ಟ್ಯಾಬ್ ಗುಂಡಿಯನ್ನು ಒಮ್ಮೆ ಒತ್ತಬಹುದು, ಇಲ್ಲವೇ ಸ್ಪೇಸ್ ಗುಂಡಿಯನ್ನು ಕೆಲವು ಸಲ ಒತ್ತಬಹುದು. ಕಣ್ಣಿಗೆ ಎರಡೂ ಒಂದೇ ಖಾಲಿ ಜಾಗ. ಯಂತ್ರಕ್ಕೆ ಬೇರೆ ಬೇರೆ. ನಾನು ಟ್ಯಾಬಿನವಳು. ಹಿಂದಿನವರು ಎರಡನ್ನೂ ಬೆರೆಸುತ್ತಿದ್ದರು. ಇನ್ನು ಮೇಲೆ ಎಲ್ಲ ಕಡೆಯೂ ನಾಲ್ಕು ಸ್ಪೇಸ್ ಇರಲಿ, ಸಾಲುಗಳನ್ನು ಜೋಡಿಸುವ ಕೆಲಸವನ್ನು ಅದಕ್ಕೆಂದೇ ಇರುವ ಸಾಫ್ಟ್‌ವೇರಿಗೆ ಬಿಡೋಣ ಎಂಬುದು ಅವಳ ಮಾತು.

ಮಾಲಕರು ನನ್ನ ಕಡೆ ತಿರುಗಿದರು. "ಇಕಿ ಹೇಳೂದು ಖರೆ ಅನಸ್ತೈತಿ. ನೀವೇನಂತೀರಿ ಆಪಾ?"

"ಮಾಡ್ಲಿ ಬಿಡ್ರಿ. ನಂದೇನೂ ತಕರಾರಿಲ್ಲ" ಎಂದೆ. ತಕರಾರು ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ 'ಇದು ನನ್ನದು, ಮುಟ್ಟಬೇಡ' ಎಂದಷ್ಟೇ ಆಗುತ್ತಿತ್ತು. ಇಬ್ಬರು ದುಡಿಯುವ ಕಡೆ ಅದು ಹೇಳುವ ಮಾತಲ್ಲ.

ಹಾಗಾಗಿ ಆ ಬೆಳಿಗ್ಗೆ ನನ್ನ ಸಾಲುಗಳ ಮೇಲೆ ಅವಳ ಹೆಸರು ಬಂದು ಕೂತಾಗ ದೂರು ಹೇಳಲು ನನಗೆ ದಾರಿಯೂ ಉಳಿದಿರಲಿಲ್ಲ.

ಅದು ಚಾಟ್ನಿಯ ಕಾಲ, ಬಳ್ಳಿಗೆ ಕತ್ತರಿ ಹಾಕುವ ಕಾಲ. ಟಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬಳ್ಳಿಗಳನ್ನು ಕತ್ತರಿಸಿ, ಕಣ್ಣುಗಳಿಗೆ ಔಷಧ ಸವರಿ, ಚಿಗುರು ಒಡೆಯುವುದನ್ನು ಕಾಯುವ ದಿನಗಳು. ಆಗ ನೀರು ತಪ್ಪಿದರೆ ಚಿಗುರು ಒಂದು ಕಡೆ ಬಂದು ಇನ್ನೊಂದು ಕಡೆ ಬರುವುದಿಲ್ಲ. ವರ್ಷದ ಬೆಳೆಯೇ ಹೆಚ್ಚು ಕಡಿಮೆಯಾಗುತ್ತದೆ. ಅದಕ್ಕೆಂದೇ ಹೊಸ ಪ್ರೋಗ್ರಾಮನ್ನು ಬೇಗ ಪೆಟ್ಟಿಗೆಗಳಿಗೆ ಕಳಿಸಬೇಕೆಂದು ಮಾಲಕರು ಅವಸರ ಮಾಡುತ್ತಿದ್ದರು. ಅವಳು ಸಾಲು ಜೋಡಿಸುವ ಕೆಲಸ ಮುಗಿಸಿದ್ದಳು. ಒಂದೇ ಒಂದು ಹಳೆಯ ಫೈಲನ್ನು ಮಾತ್ರ ಆ ಸಾಫ್ಟ್‌ವೇರ್ ಒಪ್ಪಲಿಲ್ಲವಂತೆ. ಹಿಂದಿನವರು ಬರೆದು ಹೋದದ್ದು ಅದು. ಅದರಲ್ಲಿದ್ದ ಟ್ಯಾಬುಗಳನ್ನು ಅವಳೇ ಕೈಯಿಂದ ತೆಗೆದು, ಒಂದೊಂದಕ್ಕೆ ನಾಲ್ಕು ಸ್ಪೇಸ್ ಹಾಕಿ ಸರಿಮಾಡಿದ್ದಳು. ಆಫೀಸಿನ ಕಂಪ್ಯೂಟರಿನಲ್ಲಿ ನಡೆಸಿ ನೋಡಿದಾಗ ದೋಷವೇನೂ ಕಾಣಲಿಲ್ಲ. ನನ್ನನ್ನು ಕೇಳಲಿಲ್ಲ. ಕೇಳಲಿಲ್ಲವೆಂಬುದೂ ನನಗೆ ಚುಚ್ಚಿತು.

ಪೆಟ್ಟಿಗೆಗಳಿಗೆ ಹೊಸದು ಹೋದ ಸ್ವಲ್ಪ ದಿನಕ್ಕೇ ಕಳ್ಳಕವಟಗಿಯಿಂದ ಫೋನು ಬಂತು. ಅಲ್ಲಿ ಒಬ್ಬ ಹೆಣ್ಣುಮಗಳು ತಾವೇ ನಿಂತು ಪಡ ಮಾಡಿಸುತ್ತಾರೆ, ನಮ್ಮ ಹಳೆಯ ಗಿರಾಕಿ.

"ನಿಮ್ಮ ಪೆಟಗಿ ನೀರ ಬಿಟ್ಟೇನಿ ಅಂತ ಮೊಬೈಲಿಗೆ ಮೆಸೇಜ್ ಕಳಸ್ತೈತಿ. ಹೋಗಿ ನೋಡಿದ್ರ ಬುಡ ಒಣಾ ಒಣ. ಇನ್ನ ಯಾವಾಗ ಬಿಡತೈತಂತ, ಕಣ್ಣ ಒಣಗಿದ ಮ್ಯಾಲೇನು?"

ಮಾಲಕರು ನನ್ನನ್ನು ಕಳಿಸಿದರು. ಅವಳು ಆಫೀಸಿನಲ್ಲೇ ಕೂತು ಹುಡುಕುವುದೆಂದಾಯಿತು. ಟಿಕೋಟಾ ದಾಟಿ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಪಡದ ಒಡತಿ ಪಂಪಿನ ಕೋಣೆಯ ಹತ್ತಿರವೇ ನಿಂತಿದ್ದರು. ಮೊದಲು ಪೆಟ್ಟಿಗೆಯನ್ನು ಬಂದ್ ಮಾಡಿ, ವಾಲ್ವುಗಳನ್ನು ಕೈಯಿಂದ ತಿರುಗಿಸಿ ನೀರು ಬಿಟ್ಟೆವು. ಬಳ್ಳಿಗೆ ನೀರು ಮುಖ್ಯ, ಕಾರಣ ಆಮೇಲೆ. ಒಂದು ಸುತ್ತು ನೀರು ಹೋದ ಮೇಲೆ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿ ವಾಲ್ವಿನ ಹತ್ತಿರ ಕಿವಿಯಿಟ್ಟು ಕೂತೆ. 'ಟಕ್' ಎಂದು ತೆರೆಯಿತು. ಪೈಪಿನಲ್ಲಿ ಸುಯ್ ಎನ್ನುವ ಮೊದಲೇ ಮತ್ತೆ 'ಟಕ್' ಎಂದು ಮುಚ್ಚಿತು. ಮುಂದಿನ ವಾಲ್ವೂ ಹಾಗೇ. ಪೆಟ್ಟಿಗೆ ಸುಳ್ಳು ಹೇಳುತ್ತಿರಲಿಲ್ಲ. ನೀರು ಬಿಡುತ್ತಿತ್ತು, ಬಿಟ್ಟ ಕೂಡಲೇ ನಿಲ್ಲಿಸುತ್ತಿತ್ತು.

ಬೇವಿನ ಗಿಡದ ನೆರಳಿನಲ್ಲಿ ಲ್ಯಾಪ್‌ಟಾಪು ತೆರೆದು ಆ ಹಳೆಯ ಫೈಲಿನ ಎರಡೂ ರೂಪಗಳನ್ನು, ಅವಳು ಮುಟ್ಟುವ ಮೊದಲಿನದನ್ನೂ ಮುಟ್ಟಿದ ಮೇಲಿನದನ್ನೂ, ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ ಥರ ಕಂಡವು. ಒತ್ತಡ ಕಡಿಮೆಯಾದರೆ ಎಚ್ಚರಿಕೆ ಕಳಿಸು. ಅದರ ಕೆಳಗೆ, ಸ್ವಲ್ಪ ಹೊರಗೆ, ವಾಲ್ವು ಮುಚ್ಚಿ ಮುಂದಿನದಕ್ಕೆ ಹೋಗು. ಎರಡರಲ್ಲೂ ಆ ಸಾಲು ಅದೇ ಜಾಗದಲ್ಲಿತ್ತು. ಹಾಗಾದರೆ ಇಷ್ಟು ವರ್ಷ ನೀರು ಹೋದದ್ದು ಹೇಗೆ? ಒಡತಿ ಮಜ್ಜಿಗೆ ತಂದುಕೊಟ್ಟರು. ಕುಡಿದು, ಏನೂ ತೋಚದೆ, ಹಳೆಯ ಫೈಲನ್ನು ಪೆಟ್ಟಿಗೆಗೇ ಹಾಕಿ, ಅದರದೇ ಬೋಳು ಪರದೆಯಲ್ಲಿ ತೆರೆದೆ.

ಆ ಒಂದು ಸಾಲು ಬಲಕ್ಕೆ ಸರಿದು ನಿಂತಿತ್ತು.

ಮತ್ತೆ ಲ್ಯಾಪ್‌ಟಾಪು ನೋಡಿದೆ. ಇಲ್ಲಿ ಹೊರಗೆ. ಪೆಟ್ಟಿಗೆಯಲ್ಲಿ ಒಳಗೆ. ಆಗ ತಿಳಿಯಿತು. ಆ ಸಾಲಿನ ಮುಂದಿದ್ದದ್ದು ಟ್ಯಾಬ್. ನಮ್ಮ ಲ್ಯಾಪ್‌ಟಾಪುಗಳಲ್ಲಿ ಟ್ಯಾಬ್ ಎಂದರೆ ನಾಲ್ಕು ಅಕ್ಷರದಷ್ಟು ಜಾಗ. ಪೆಟ್ಟಿಗೆಯಲ್ಲಿರುವುದು ಹಳೆಯ ಪೈಥಾನ್; ಅದು ಟ್ಯಾಬನ್ನು ಎಂಟು ಎಂದು ಎಣಿಸುತ್ತದೆ. ಎಂಟು ಎಂದರೆ ಆ ಸಾಲು ಎಚ್ಚರಿಕೆಯ ಸಾಲಿನ ಸರಿಸಮ, ಒತ್ತಡ ಕಡಿಮೆಯಾದಾಗ ಮಾತ್ರ ನಡೆಯುವಂಥದ್ದು. ಅವಳು ತನ್ನ ಪರದೆಯಲ್ಲಿ ಕಂಡಂತೆ ನಾಲ್ಕು ಸ್ಪೇಸ್ ಹಾಕಿದ್ದಳು. ಸಾಲು ಹೊರಗೆ ಬಿತ್ತು. ತೆರೆದ ಪ್ರತಿ ವಾಲ್ವೂ ಕೂಡಲೇ ಮುಚ್ಚತೊಡಗಿತು.

ನನಗೆ ಖುಷಿಯಾಯಿತು. ಒಣ ಬುಡದ ಪಕ್ಕದಲ್ಲೇ ಕೂತು ಖುಷಿಪಟ್ಟೆ.

"ಸಿಕ್ತೇನ್ಬೇ?" ಎಂದರು ಒಡತಿ.

"ಸಿಕ್ತ್ರಿ ಅವ್ವಾರ."

"ಅದಕ್ಕ ನಗಾಕತ್ತಿ. ನಾ ಇಲ್ಲಿ ಎದಿ ಹಿಡ್ಕೊಂಡ ನಿಂತೇನಿ, ನಿನಗ ನಗು."

ಮುಖ ಸರಿಮಾಡಿಕೊಂಡೆ. ಹೊಸ ಫೈಲಿನಲ್ಲಿ ಆ ಸಾಲನ್ನು ಇನ್ನೂ ನಾಲ್ಕು ಸ್ಪೇಸ್ ಒಳಗೆ ತಳ್ಳಿ, ಪೆಟ್ಟಿಗೆಗೆ ಹಾಕಿ, ವಾಲ್ವು ತೆರೆಯುವುದನ್ನು ಕಾದೆವು. 'ಟಕ್' ಎಂದಿತು. ನೀರು ಪೈಪಿನಲ್ಲಿ ಹರಿದು ಬುಡಗಳಿಗೆ ತೊಟ್ಟಿಕ್ಕತೊಡಗಿತು. ಮುಂದಿನ ವಾಲ್ವಿನ ಪಾಳಿ ಬರುವವರೆಗೂ ಒಡತಿ ನನ್ನನ್ನು ಬಿಡಲಿಲ್ಲ. ಬಿಡಬಾರದಿತ್ತು ಕೂಡ.

ವಾಪಸು ಬರುವಾಗ ಗಾಡಿಯಲ್ಲಿ ಮಾಲಕರಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. 'ನನ್ನ ಒಂದು ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ' ಎಂದು ಶುರುಮಾಡಬೇಕೆಂದುಕೊಂಡೆ. ಆಮೇಲೆ ಅದು ಬೇಡ, 'ಹುಡುಗಿ ಜಾಣೆ, ಆದರೆ ಅನುಭವ ಸಾಲದು' ಎನ್ನುವುದು ಮೇಲೆನಿಸಿತು. ಕೇಳಿದವರಿಗೆ ನಾನು ಅವಳ ಪರ ಮಾತಾಡಿದಂತೆಯೇ ಇರುತ್ತದೆ. ಊರು ಮುಟ್ಟುವವರೆಗೂ ಆ ಮಾತನ್ನು ಬಾಯಲ್ಲಿ ತಿರುವುತ್ತ ಬಂದೆ.

ಆಫೀಸಿನ ಮೆಟ್ಟಿಲು ಹತ್ತಿದಾಗ ಮೇಜಿನ ಮೇಲೆ ಒಂದು ಹಳೆಯ ಪೆಟ್ಟಿಗೆ ಬಾಯಿತೆರೆದು ಕೂತಿತ್ತು. ಅವಳು ಮಾಲಕರ ಮುಂದೆ ನಿಂತಿದ್ದಳು.

"ನಂದ ತಪ್ಪರಿ ಸರ್. ಟ್ಯಾಬ್ ಅಂದ್ರ ಈ ಪೆಟಗಿಗೆ ಎಂಟು, ನಾ ನಾಕ ಅಂತ ತಿಳಕೊಂಡೆ. ಹಳೇ ಪೆಟಗಿ ಮ್ಯಾಲ ನೋಡಲಾರದ ಕಳಿಸಿದೆ. ಎಲ್ಲಾ ತೋಟದವ್ರಿಗೂ ಫೋನ್ ಹಚ್ಚೀನಿ, ಸರಿ ಆಗೂತನಕ ಕೈಲೆ ನೀರ ಬಿಡ್ರಿ ಅಂತ ಹೇಳೇನಿ."

ನನ್ನನ್ನು ನೋಡಿ, "ಆಪಾ, ನಿಮಗೂ ಸಿಕ್ಕಿರಬೇಕಲ್ರಿ?" ಎಂದಳು.

"ಸಿಕ್ತು" ಎಂದೆ. ಅಷ್ಟೇ. ಕಳ್ಳಕವಟಗಿಯಿಂದ ಹೊತ್ತು ತಂದ ಮಾತಿಗೆ ಇಳಿಸಲು ಜಾಗವೇ ಇರಲಿಲ್ಲ.

ಮಾಲಕರು ಅವಳನ್ನು ಬೈದರು. ಬೈಗುಳ ಮುಗಿದು ಅವಳು ಕೆಳಗೆ ಹೋದ ಮೇಲೆ, "ತಾನ ಹೇಳಿದ್ಲ ನೋಡ್ರಿ ಆಪಾ. ಇಂಥವರು ಸಿಗೂದು ಕಡಿಮಿ" ಎಂದರು. ತಪ್ಪು ಮಾಡಿಯೂ ಹೊಗಳಿಸಿಕೊಂಡಳು. ನಾನು ಬಿಸಿಲಲ್ಲಿ ಹೋಗಿ ಸರಿಮಾಡಿ ಬಂದದ್ದು ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ಅವರು ಕೇಳಿದ್ದು ಬೇರೆಯೇ. "ಈ ಹೊಸಾ ಪದ್ಧತಿ ನಮಗ ಬ್ಯಾಡ ಅನಸ್ತೈತಿ. ಮೊದಲಿನಂಗ ಮಾಡಿಬಿಡೂಣೇನು? ನೀವು ಹೂಂ ಅಂದ್ರ ಇವತ್ತ ತಗದ ಒಗೀತೀವಿ."

ನಾನು ಬಯಸಿದ್ದು ಕೈಗೇ ಬಂದಿತ್ತು. ಕಂಪ್ಯೂಟರಿಗೆ ಒಂದು ಆದೇಶ ಕೊಟ್ಟರೆ ಸಾಕು, ಎಲ್ಲ ಫೈಲುಗಳೂ ಹಿಂದಿನ ರೂಪಕ್ಕೆ ಹೋಗುತ್ತವೆ. ನನ್ನ ಟ್ಯಾಬುಗಳು, ನನ್ನ ನೆಟ್ಟಗಿನ ಗೆರೆಗಳು, ಎಡಗಡೆ ನನ್ನ ಹೆಸರು. ಊಟ ಮಾಡಿ ಬಂದು ಹೇಳುತ್ತೇನೆ ಎಂದು ಆಫೀಸಿನ ಮೇಲಿನ ತಾರಸಿಗೆ ಹೋದೆ. ಡಬ್ಬಿ ತೆರೆದೆ. ಆ ಸಾಲೇ ಕಣ್ಣ ಮುಂದೆ ಬರುತ್ತಿತ್ತು. ಆ ಫೈಲನ್ನು ನಾನೂ ಎಷ್ಟೋ ಸಲ ಓದಿದ್ದೆ. ಯಾರಾದರೂ ಕೇಳಿದ್ದರೆ ಆ ಸಾಲು ಹೊರಗಿದೆ ಎಂದು ನಾನೂ ಆಣೆ ಇಟ್ಟು ಹೇಳುತ್ತಿದ್ದೆ. ನಾನು ಓದುತ್ತಿದ್ದದ್ದು ಒಂದು, ಪೆಟ್ಟಿಗೆ ಓದುತ್ತಿದ್ದದ್ದು ಇನ್ನೊಂದು. ಅವಳಲ್ಲದಿದ್ದರೆ ನಾಳೆ ನಾನೇ ಅಲ್ಲಿ ಏನೋ ಸೇರಿಸಲು ಹೋಗಿ ಎಡವುತ್ತಿದ್ದೆ. ಹಳೆಯದಕ್ಕೆ ವಾಪಸು ಹೋಗುವುದೆಂದರೆ ದಾರಿಯ ಆ ಹೊಂಡವನ್ನು ಮತ್ತೆ ಎಲೆ ಹಾಕಿ ಮುಚ್ಚಿದ ಹಾಗೆ.

ಕೆಳಗೆ ಬಂದು ಹೇಳಿದೆ: "ಬ್ಯಾಡ್ರಿ. ಹೊಸಾದ ಇರಲಿ. ಆದ್ರ ನಾ ಹೇಳಿದಂಗ ಮಾಡಬೇಕು."

ಆ ಕೊನೆಯ ಮಾತು ಹೇಳುವಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಮೊದಲು ಸದ್ಯದ ಮಟ್ಟಿಗೆ ಎಲ್ಲವನ್ನೂ ಹಳೆಯ ರೂಪಕ್ಕೆ ತಂದೆವು, ಪೆಟ್ಟಿಗೆಗಳಿಗೆ ಅದನ್ನೇ ಕಳಿಸಿ ಪಡಗಳಿಗೆ ನೀರು ಹೋಗುವಂತೆ ನೋಡಿಕೊಂಡೆವು. ಆಮೇಲೆ ಮೇಜಿನ ಮೇಲಿನ ಪೆಟ್ಟಿಗೆಯ ಎದುರು ಇಬ್ಬರೂ ಕೂತೆವು. ಹಳೆಯ ಪೈಥಾನಿಗೆ ಒಂದು ಕಟ್ಟುನಿಟ್ಟಿನ ಸೂಚನೆ ಕೊಟ್ಟು ನಡೆಸಿದರೆ ಟ್ಯಾಬ್ ಸ್ಪೇಸ್ ಬೆರೆತು ಗೊಂದಲವಿರುವ ಸಾಲಿನಲ್ಲಿ ಅದು ನಿಂತುಬಿಡುತ್ತದೆ. ಹಾಗೆ ಒಂದೊಂದು ಫೈಲನ್ನೂ ಸೋಸಿದೆವು. ಸಿಕ್ಕ ಕಡೆಯಲ್ಲೆಲ್ಲ ಟ್ಯಾಬಿಗೆ ಎಂಟರ ಲೆಕ್ಕದಲ್ಲೇ ಸ್ಪೇಸ್ ಹಾಕಿದೆವು. ನಂತರ ಬದಲಿಸುವ ಮೊದಲಿನ ಫೈಲನ್ನೂ ಬದಲಿಸಿದ ಫೈಲನ್ನೂ ಪೆಟ್ಟಿಗೆ ತನ್ನೊಳಗೆ ಏನೆಂದು ಅರ್ಥಮಾಡಿಕೊಳ್ಳುತ್ತದೆ ಎಂಬುದನ್ನು ಹೊರಗೆ ತೆಗೆದು ಹೋಲಿಸಿದೆವು. ಎರಡೂ ಒಂದೇ ಆದರೆ ಮಾತ್ರ ಮುಂದಕ್ಕೆ, ಆಮೇಲೆ ನಾಲ್ಕು ಸ್ಪೇಸಿನ ಜೋಡಣೆ, ಮತ್ತೆ ಹೋಲಿಕೆ.

ಒಂದು ಫೈಲು ಎಷ್ಟು ಮಾಡಿದರೂ ಹೊಂದಲಿಲ್ಲ. ಇಬ್ಬರೂ ಸಾಲು ಸಾಲು ನೋಡಿ ಸೋತೆವು. ಕೊನೆಗೆ ಅವಳೇ ಕಂಡುಹಿಡಿದಳು: ರೈತರ ಮೊಬೈಲಿಗೆ ಹೋಗುವ ಸಂದೇಶದ ಮಾತುಗಳ ನಡುವೆಯೂ ಒಂದು ಟ್ಯಾಬ್ ಇತ್ತು. ಅದು ಜೋಡಣೆಯ ಟ್ಯಾಬಲ್ಲ, ಮಾತಿನದೇ ಭಾಗ. ನಾವು ಅದನ್ನೂ ಬದಲಿಸಿಬಿಟ್ಟಿದ್ದೆವು.

"ಇದು ನಿನಗ ಹೆಂಗ ಹೊಳೀತು?" ಎಂದೆ. ಕೇಳಿದ ಮೇಲೆ ಗೊತ್ತಾಯಿತು, 'ನೀವು' ಬಿಟ್ಟು 'ನೀ'ಗೆ ಇಳಿದಿದ್ದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ, ನಕ್ಕಳು.

ವಾಲ್ವುಗಳ ಪಟ್ಟಿಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಈ ಭಾಗವನ್ನು ಮುಟ್ಟಬೇಡ ಎಂದು ಸಾಫ್ಟ್‌ವೇರಿಗೆ ಹೇಳುವ ಗುರುತೊಂದಿದೆ. ಅದನ್ನು ಮೇಲೂ ಕೆಳಗೂ ಹಾಕಿದೆ.

"ಅದೊಂದ ಯಾಕ ಆಪಾ?"

"ಅಲ್ಲಿ ಅಂಕಿ ಒಂದರ ಕೆಳಗ ಒಂದು ಬಂದ್ರನ ತಪ್ಪು ಕಣ್ಣಿಗೆ ಬೀಳೂದು. ಇಲ್ಲಾಂದ್ರ ಐದು ಇದ್ದಲ್ಲೆ ಐವತ್ತು ಬಿದ್ರೂ ಕಾಣೂದಿಲ್ಲ."

ಅವಳು ಎರಡೂ ರೂಪಗಳನ್ನು ಇಟ್ಟು ನೋಡಿದಳು. "ಹೌದ್ರಿ. ಇದು ಹಿಂಗ ಇರಲಿ" ಎಂದಳು. ವಾದ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಕೆಲಸ ಮುಗಿಯುವ ಹೊತ್ತಿಗೆ ಅವಳೇ ಇನ್ನೊಂದು ವಿಷಯ ತೆಗೆದಳು. ಬರೀ ಜೋಡಣೆ ಬದಲಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಎಡಿಟರಿಗೆ ಹೇಳಿದರೆ ಎಡಗಡೆ ಹಳೆಯ ಹೆಸರುಗಳೇ ಬರುತ್ತವಂತೆ. "ಹಂಗ ಮಾಡ್ಲೇನ್ರಿ? ಸಾಲು ಬರದವ್ರು ನೀವು. ನಾ ಬರೇ ಸರಸೀನಿ."

"ಹೆಂಗ ಬೇಕೋ ಹಂಗ ಮಾಡು" ಎಂದೆ, ನನಗೇನೂ ಅನ್ನಿಸದವಳ ಹಾಗೆ. ಅವಳು ಅದನ್ನು ಮುಗಿಸಿ ಚಹಾಕ್ಕೆ ಕೆಳಗಿಳಿದ ಕೂಡಲೇ ಫೈಲು ತೆರೆದು ನೋಡಿದೆ. ಉದ್ದಕ್ಕೂ ನನ್ನ ಹೆಸರಿತ್ತು.

ಚಿಗುರು ಬಂದ ಮೇಲೆ ಬಬಲೇಶ್ವರದಲ್ಲಿ ಒಂದು ದೊಡ್ಡ ಪಡಕ್ಕೆ ಪೆಟ್ಟಿಗೆ ಕೂರಿಸಲು ಮೂವರೂ ಹೋದೆವು. ಸುತ್ತಲಿನ ಬೆಳೆಗಾರರೂ ನೋಡಲು ಬಂದಿದ್ದರು. ಮಾಲಕರು ಉಮೇದಿನಲ್ಲಿದ್ದರು. ಅವಳ ಭುಜದ ಮೇಲೆ ಕೈಯಿಟ್ಟು, "ಈ ಪ್ರೋಗ್ರಾಂ ಎಲ್ಲಾ ನಮ್ಮ ಈ ಹುಡುಗೀದು ನೋಡ್ರಿ" ಎಂದರು. ನಾನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹತ್ತಿರ ನಿಂತಿದ್ದೆ. ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿದೆ.

"ಇಲ್ರಿ ಸರ್" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಇದು ಆಪಾ ಬರದದ್ದು. ನಾ ಮೊನ್ನೆ ಬಂದಾಕಿ. ಬಂದು ಒಮ್ಮೆ ಕೆಡಿಸೀನಿ ಸೈತ."

ಎಲ್ಲರೂ ನಕ್ಕರು. ಮಾಲಕರು ತಲೆ ಕೆರೆದುಕೊಂಡು ನನ್ನನ್ನು ಮುಂದಕ್ಕೆ ಕರೆದರು. ಬೆಳೆಗಾರರು ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ. ಹೇಳುತ್ತಿರುವಾಗಲೂ ಮನಸ್ಸು ಒಂದೇ ಕಡೆ ಇತ್ತು: ಅವಳ ಜಾಗದಲ್ಲಿ ನಾನಿದ್ದು, ಯಾರಾದರೂ ಹಾಗೆ ಹೊಗಳಿದ್ದರೆ, ನಾನು ಆ ಮಾತು ಹೇಳುತ್ತಿದ್ದೆನೇ? ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆ. ಆ ಹೊತ್ತು ಎಷ್ಟಿರುತ್ತಿತ್ತು ಎಂದು ನನಗೆ ಗೊತ್ತು. ಇಷ್ಟು ದಿನ ಅವಳಿಗೆ ಸಿಗುವ ಹೊಗಳಿಕೆಯ ಮೇಲೆ ಕಿಚ್ಚಿತ್ತು. ಅಂದಿನಿಂದ ಅದನ್ನು ಅಷ್ಟು ಸಲೀಸಾಗಿ ಬೇರೆಯವರಿಗೆ ಕೊಟ್ಟುಬಿಡುವ ಅವಳ ಕೈಯ ಮೇಲೆ.

ವಾಪಸು ಬರುವಾಗ ಮಾಲಕರು ಮುಂದೆ ಕೂತರು, ನಾವಿಬ್ಬರು ಹಿಂದೆ. ಊರು ದಾಟುವ ಮೊದಲೇ ಅವಳಿಗೆ ಜೊಂಪು ಹತ್ತಿ, ತಲೆ ನನ್ನ ಭುಜಕ್ಕೆ ಒರಗಿತು. ರಸ್ತೆ ಕೆಟ್ಟಿತ್ತು, ಗಾಡಿ ಎತ್ತಿ ಹಾಕುತ್ತಿತ್ತು, ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ವಿಜಯಪುರ ಬರುವವರೆಗೂ ನಾನು ಭುಜ ಅಲುಗಿಸಲಿಲ್ಲ. ಮನಸ್ಸಿನಲ್ಲಿ ಏನೂ ಇಲ್ಲದೆ ಹೀಗೆ ಮಲಗುವವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ.